ಮುಗಿಲಿಗೆ ಕಂಡ ಮೀನುಬೇಲಿ

ಕಪ್ಪು-ಬಿಳುಪಿನ ಒಂದು ಛಾಯಾಚಿತ್ರ. ವಿಮಾನದಿಂದ ತೆಗೆದದ್ದು. ಚಿತ್ರದ ಬಹುಪಾಲು ಬರೀ ಕೆಸರು. ಅದರ ಮೇಲೆ ಮರದ ಬೇರಿನಂತೆ ಕವಲೊಡೆದು ಹರಿಯುವ ನೀರಿನ ತೋಡುಗಳು. ಎಲ್ಲವೂ ಅಂಕುಡೊಂಕು. ಆ ಅಂಕುಡೊಂಕಿನ ನಡುವೆ, ಯಾರೋ ಪೆನ್ಸಿಲಿನಿಂದ ಎಳೆದಂತೆ ಎರಡು ತೆಳುವಾದ ನೇರ ಗೆರೆಗಳು. ದೂರದೂರದಿಂದ ಹೊರಟು, ಹತ್ತಿರ ಹತ್ತಿರ ಬಂದು, ಒಂದು ಬಿಂದುವಿನಲ್ಲಿ ಕೂಡಿಕೊಳ್ಳುತ್ತವೆ. ಇಂಗ್ಲಿಷಿನ ‘ವಿ’ ಅಕ್ಷರದ ಹಾಗೆ.

ನಿಸರ್ಗಕ್ಕೆ ಅಡಿಕೋಲು ಹಿಡಿದು ಗೆರೆ ಎಳೆಯುವ ಅಭ್ಯಾಸವಿಲ್ಲ. ಹಾಗಾದರೆ ಇದನ್ನು ಎಳೆದವರು ಯಾರು? ಯಾವ ಕಾಲದಲ್ಲಿ? ಯಾತಕ್ಕಾಗಿ?

ಇಂಥ ಚಿತ್ರಗಳು ಹೆಚ್ಚಾಗಿ ಸಿಕ್ಕಿರುವುದು ಇಂಗ್ಲೆಂಡಿನ ಪೂರ್ವ ತೀರದ ಎಸೆಕ್ಸ್ ಸೀಮೆಯಲ್ಲಿ. ಅಲ್ಲಿನ ಬ್ಲಾಕ್‌ವಾಟರ್ ನದಿ ಸಮುದ್ರ ಸೇರುವ ಕಡೆ ವಿಶಾಲವಾದ ಅಳಿವೆಯಿದೆ. ಭರತ ಏರಿದಾಗ ಅದು ಸರೋವರ. ಆರು ಗಂಟೆ ಬಿಟ್ಟು ಬಂದು ನೋಡಿದರೆ ಕಣ್ಣು ಹಾಯುವಷ್ಟು ದೂರ ಕೆಸರುಬಯಲು. ಹುಣ್ಣಿಮೆ-ಅಮಾವಾಸ್ಯೆಯ ಆಸುಪಾಸಿನಲ್ಲಿ ಇಲ್ಲಿ ನೀರಿನ ಮಟ್ಟ ನಾಲ್ಕು ಮೀಟರಿಗಿಂತಲೂ ಹೆಚ್ಚು ಏರಿ ಇಳಿಯುತ್ತದೆ. ನಮ್ಮ ಕಾರವಾರ, ಮಂಗಳೂರು ತೀರದ ಭರತ-ಇಳಿತ ಅದರ ಅರ್ಧಕ್ಕಿಂತಲೂ ಕಡಿಮೆ. ನಾಲ್ಕು ಮೀಟರ್ ನೀರು ದಿನಕ್ಕೆರಡು ಸಲ ಬಂದು ಹೋಗುವ ಜಾಗದಲ್ಲಿ ಬುದ್ಧಿ ಇರುವವನು ಮೀನು ಹಿಡಿಯಲು ದೋಣಿಯನ್ನೇ ಏರಬೇಕೆಂದಿಲ್ಲ. ನೀರು ಇಳಿಯುವ ದಾರಿಗೆ ಬೇಲಿ ಕಟ್ಟಿದರೆ ಸಾಕು.

ಕೆಸರಿನಲ್ಲಿ ಕಂಡ ಆ ‘ವಿ’ ಅಂಥ ಬೇಲಿಯ ಅಳಿದುಳಿದ ಬುಡ.

ನೀರೇ ಬೇಟೆಗಾರ

ಮಳೆಗಾಲದ ಮೊದಲ ದಿನಗಳಲ್ಲಿ ಮಲೆನಾಡಿನ ಹಳ್ಳಗಳಿಗೆ ಒಡ್ಡುವ ಬಿದಿರಿನ ಕೂಣಿಯನ್ನು ಕಂಡವರಿಗೆ ಈ ಉಪಾಯ ತಟ್ಟನೆ ಅರ್ಥವಾಗುತ್ತದೆ. ಅಳಿವೆಯ ಕೆಲಸವೂ ಅದೇ ಜಾತಿಯದು, ಅಳತೆ ಮಾತ್ರ ದೊಡ್ಡದು. ಕೆಸರಿನಲ್ಲಿ ಸಾಲಾಗಿ ಮರದ ಗೂಟಗಳನ್ನು ಹೊಡೆಯುತ್ತಾರೆ. ಗೂಟಗಳ ನಡುವೆ ಎಳೆಯ ಕೊಂಬೆಗಳನ್ನು ಹೆಣೆದು ತಟ್ಟಿ ಮಾಡುತ್ತಾರೆ. ಇಂಥ ಎರಡು ತಟ್ಟಿಗೋಡೆಗಳು, ಒಂದೊಂದೂ ನೂರಾರು ಮೀಟರ್ ಉದ್ದ. ಅವುಗಳ ಅಗಲವಾದ ಬಾಯಿ ದಡದ ಕಡೆಗೆ. ಎರಡೂ ಕೂಡುವ ಮೂಲೆ ಸಮುದ್ರದ ಕಡೆಗೆ. ಆ ಮೂಲೆಯಲ್ಲೊಂದು ಸಣ್ಣ ಸಂದು, ಸಂದಿಗೆ ಬುಟ್ಟಿ ಇಲ್ಲವೇ ಬಲೆ.

ಭರತದ ನೀರು ಬೇಲಿಯನ್ನು ಮುಳುಗಿಸಿಕೊಂಡು ದಡದತ್ತ ಏರುತ್ತದೆ. ಅದರ ಜತೆ ಮೀನುಗಳೂ ಮೇಯಲು ಬರುತ್ತವೆ. ಕೆಸರಿನಲ್ಲಿ ಹುಳು, ಸೀಗಡಿ, ಚಿಪ್ಪಿನ ಜೀವಿಗಳ ಊಟ ಯಥೇಚ್ಛ. ಇಳಿತ ಶುರುವಾದಾಗ ಮೀನು ಸಮುದ್ರಕ್ಕೆ ಮರಳಬೇಕು. ಈಗ ಬೇಲಿ ತಲೆ ಎತ್ತಿದೆ! ಮೀನು ಗೋಡೆಯ ಪಕ್ಕದಲ್ಲೇ ದಾರಿ ಹುಡುಕುತ್ತಾ ಸಾಗಿ ಕೊನೆಗೆ ಬುಟ್ಟಿಯೊಳಗೆ ಬಂದು ಬೀಳುತ್ತದೆ. ನೀರು ಪೂರ್ತಿ ಇಳಿದ ಮೇಲೆ ಮೀನುಗಾರ ಕೆಸರಿನಲ್ಲಿ ನಡೆದುಹೋಗಿ ಬುಟ್ಟಿ ಖಾಲಿ ಮಾಡುತ್ತಾನೆ. ಎರಡು ಭರತಗಳ ನಡುವೆ ಸುಮಾರು ಹನ್ನೆರಡು ಗಂಟೆ ಇಪ್ಪತ್ತೈದು ನಿಮಿಷ. ಆದ್ದರಿಂದ ಅವನ ಕೆಲಸದ ಹೊತ್ತು ದಿನದಿನವೂ ಮುಕ್ಕಾಲು ಗಂಟೆಗಿಂತ ತುಸು ಹೆಚ್ಚು ಮುಂದಕ್ಕೆ ಜಾರುತ್ತಿತ್ತು. ಅವನ ಗಡಿಯಾರ ಸೂರ್ಯನಲ್ಲ, ಚಂದ್ರ.

ಉತ್ತರ ಕನ್ನಡದ ಅಘನಾಶಿನಿ ಅಳಿವೆಯ ಗಜನಿ ಗದ್ದೆಗಳಲ್ಲಿ ಮಳೆಗಾಲದಲ್ಲಿ ಕಗ್ಗ ಭತ್ತ ಬೆಳೆದು, ಆಮೇಲೆ ಭರತದ ನೀರನ್ನು ತೂಬಿನ ಮೂಲಕ ಒಳಗೆ ಬಿಟ್ಟುಕೊಂಡು, ಇಳಿತದಲ್ಲಿ ತೂಬಿಗೆ ಬಲೆ ಒಡ್ಡಿ ಮೀನು-ಸೀಗಡಿ ಹಿಡಿಯುವುದೂ ಇದೇ ಲೆಕ್ಕಾಚಾರ. ಅಲ್ಲಿ ಮಣ್ಣಿನ ಬದು, ಇಲ್ಲಿ ಮರದ ತಟ್ಟಿ.

ಗಡಿಯಾರ ಮತ್ತು ಚಂದ್ರ

ಇಷ್ಟು ದೊಡ್ಡ ಕಟ್ಟಡಗಳು ಇಷ್ಟು ಕಾಲ ಯಾರ ಕಣ್ಣಿಗೂ ಬೀಳಲಿಲ್ಲವೇ? ದಡದ ಮೀನುಗಾರರು ಆ ಗೂಟಗಳನ್ನು ಎಡವಿರಬಹುದು. ಆದರೆ ನೆಲದ ಮೇಲೆ ನಿಂತವನಿಗೆ ಕಾಣುವುದು ಕೆಸರಿನಿಂದ ಒಂದು ಗೇಣು ಮೇಲೆದ್ದ ನಾಲ್ಕಾರು ಮರದ ತುಂಡುಗಳು, ಅಷ್ಟೆ. ಅವು ಒಂದು ಸಾಲು ಎಂದು ತಿಳಿಯಬೇಕಾದರೆ ಮೇಲಕ್ಕೆ ಹೋಗಬೇಕು. ಮೊದಲ ಮಹಾಯುದ್ಧದಲ್ಲಿ ವಿಮಾನದಿಂದ ಶತ್ರುವಿನ ಕಂದಕಗಳನ್ನು ಹುಡುಕಿದ್ದ ಓ. ಜಿ. ಎಸ್. ಕ್ರಾಫರ್ಡ್ 1920ರ ದಶಕದಲ್ಲಿ ಅದೇ ವಿದ್ಯೆಯನ್ನು ಪುರಾತತ್ತ್ವಕ್ಕೆ ತಂದರು. ಪೈರಿನ ಬಣ್ಣದ ವ್ಯತ್ಯಾಸದಿಂದ, ಇಳಿಬಿಸಿಲಿನ ನೆರಳಿನಿಂದ ನೆಲದಡಿಯ ಹಳೆಯ ಗೋಡೆಗಳನ್ನು ಗುರುತಿಸಬಹುದು ಎಂದು ತೋರಿಸಿಕೊಟ್ಟರು. ಆದರೆ ಅಂದಿನ ಕಣ್ಣುಗಳೆಲ್ಲ ಹೊಲಗಳ ಮೇಲೆ. ಸಮುದ್ರದ ಅಂಚಿನ ಕೆಸರಿನತ್ತ ಗಮನ ಹರಿಯಲು ಬಹಳ ಕಾಲ ಹಿಡಿಯಿತು.

ಕೆಸರನ್ನು ಓದುವುದು ಸುಲಭವೂ ಅಲ್ಲ. ಮುಖ್ಯ ತೊಡಕು ಹೊತ್ತಿನದು. ನಕ್ಷೆ ಮಾಡುವ ವಿಮಾನಗಳು ನೆರಳು ಕಡಿಮೆ ಇರಲೆಂದು ನಡುಹಗಲಿನ ಆಚೀಚೆ ಹಾರುತ್ತವೆ. ಬೇಲಿಯ ಗೂಟಗಳು ಚೆನ್ನಾಗಿ ಕಾಣುವುದು ನೀರು ಅತಿ ಕೆಳಕ್ಕೆ ಇಳಿದಾಗ, ಅಂದರೆ ಹುಣ್ಣಿಮೆ ಅಥವಾ ಅಮಾವಾಸ್ಯೆ ಕಳೆದ ಒಂದೆರಡು ದಿನದಲ್ಲಿ. ಇಲ್ಲೊಂದು ತಮಾಷೆಯ ಸಂಗತಿಯಿದೆ. ಯಾವುದೇ ಒಂದು ಊರಿನಲ್ಲಿ ಹುಣ್ಣಿಮೆ-ಅಮಾವಾಸ್ಯೆಯ ದೊಡ್ಡ ಭರತ ಪ್ರತಿ ಸಲವೂ ಸುಮಾರು ಅದೇ ಹೊತ್ತಿಗೆ ಬರುತ್ತದೆ. ಬ್ಲಾಕ್‌ವಾಟರ್‌ನಲ್ಲಿ ಆ ಹೊತ್ತು ಹೆಚ್ಚುಕಡಿಮೆ ನಡುಹಗಲು ಮತ್ತು ನಡುರಾತ್ರಿ! ಅಂದಮೇಲೆ ಅತಿ ದೊಡ್ಡ ಇಳಿತ ಬರುವುದು ಬೆಳಗ್ಗೆ, ಸಂಜೆ ಆರು-ಏಳು ಗಂಟೆಯ ಸುಮಾರಿಗೆ. ನಕ್ಷೆಯ ವಿಮಾನ ಬರುವ ಹೊತ್ತಿಗೆ ಬೇಲಿ ನೀರಿನಡಿ. ನೀರು ತಳ ಸೇರುವ ಹೊತ್ತಿಗೆ ಚಳಿಗಾಲವಾದರೆ ಕತ್ತಲು. ಬೇಸಿಗೆಯ ಬೆಳಗು-ಸಂಜೆಗಳಲ್ಲಿ ಮಾತ್ರ ಎರಡೂ ಕೂಡಿಬರುತ್ತವೆ. ಆಗ ಸಿಗುವ ಇಳಿಬಿಸಿಲು ಒಂದು ಲಾಭವೂ ಹೌದು: ಗೇಣುದ್ದದ ಗೂಟ ಮಾರುದ್ದದ ನೆರಳು ಚೆಲ್ಲುತ್ತದೆ.

ಆದ್ದರಿಂದ ಹಳೆಯ ಚಿತ್ರಗಳ ಕಟ್ಟು ಬಿಚ್ಚಿದವರು ಮೊದಲು ಕೇಳುವ ಪ್ರಶ್ನೆ ‘ಏನು ಕಾಣುತ್ತದೆ?’ ಎಂಬುದಲ್ಲ, ‘ಯಾವಾಗ ತೆಗೆದದ್ದು?’ ಎಂಬುದು. ಎರಡನೆಯ ಮಹಾಯುದ್ಧ ಮುಗಿದೊಡನೆ ಬ್ರಿಟನ್ನಿನ ವಾಯುಪಡೆ ದೇಶದ ಬಹುಭಾಗವನ್ನು ಮೇಲಿನಿಂದ ಚಿತ್ರೀಕರಿಸಿತು. 1940ರಲ್ಲಿ ಬಾಂಬು ಹಾಕಲು ಗುರಿ ಹುಡುಕುತ್ತಿದ್ದ ಜರ್ಮನಿಯ ವಿಮಾನಗಳೂ ಇಂಗ್ಲೆಂಡಿನ ತೀರಗಳ ಚಿತ್ರ ತೆಗೆದಿದ್ದವು. ವೈರಿ ತೆಗೆದ ಫೋಟೊ ಈಗ ಪುರಾತತ್ತ್ವಜ್ಞರ ಮೇಜಿನ ಮೇಲೆ! ಚಿತ್ರ ತೆಗೆದ ದಿನಾಂಕ ಮತ್ತು ಹೊತ್ತು ಗೊತ್ತಾದರೆ ಆ ಗಳಿಗೆಯಲ್ಲಿ ಅಳಿವೆಯಲ್ಲಿ ನೀರು ಎಷ್ಟಿತ್ತೆಂದು ಇಂದು ಕುಳಿತು ಲೆಕ್ಕ ಹಾಕಬಹುದು. ಚಂದ್ರ-ಸೂರ್ಯರ ಚಲನೆ ಹಿಂದಕ್ಕೂ ಮುಂದಕ್ಕೂ ಒಂದೇ ಗಣಿತಕ್ಕೆ ಒಳಪಟ್ಟದ್ದು. 1946ರ ಒಂದು ಬೆಳಗಿನ ಇಳಿತವನ್ನು ಕಂಪ್ಯೂಟರ್ ಕ್ಷಣದಲ್ಲಿ ಹೇಳುತ್ತದೆ. ನೀರು ಹೆಚ್ಚಿದ್ದ ಚಿತ್ರದಲ್ಲಿ ಬೇಲಿ ಕಾಣಲಿಲ್ಲವೆಂದರೆ ಬೇಲಿ ಇರಲಿಲ್ಲವೆಂದು ಅರ್ಥವಲ್ಲ. ಈ ಒಂದು ವಿವೇಕ ಇಲ್ಲದವರು ಈ ಕೆಲಸಕ್ಕೆ ಇಳಿಯಬಾರದು.

ಇನ್ನು ಕಾಣುವುದೆಲ್ಲ ಬೇಲಿಯೂ ಅಲ್ಲ. ಅಳಿವೆಯ ಕೆಸರು ನೂರಾರು ವರ್ಷ ಜನ ಬಳಸಿದ ಜಾಗ. ಸಿಂಪಿ ಸಾಕುತ್ತಿದ್ದ ಹೊಂಡಗಳಿವೆ, ಅವುಗಳ ಗಡಿ ಗುರುತಿಸುವ ಗೂಟಗಳಿವೆ. ಮುರಿದ ಹಡಗುಕಟ್ಟೆಗಳಿವೆ. ಕೊಚ್ಚಿಹೋದ ಕಡಲ ಒಡ್ಡುಗಳ ಬುಡವಿದೆ. ಯುದ್ಧಕಾಲದಲ್ಲಿ ಶತ್ರು ವಿಮಾನ, ದೋಣಿಗಳು ಇಳಿಯದಿರಲೆಂದು ನೆಟ್ಟ ಕಂಬಗಳ ಸಾಲುಗಳೂ ಇವೆ. ತೀರದ ಕೊರೆತ ತಡೆಯಲು ಇತ್ತೀಚಿನವರು ಕಟ್ಟಿದ ಸೊಪ್ಪು-ಕಡ್ಡಿಯ ಬೇಲಿಗಳಂತೂ ಮೇಲಿನಿಂದ ಥೇಟ್ ಮೀನುಬೇಲಿಯಂತೆಯೇ! ಬೇರ್ಪಡಿಸುವುದು ಹೇಗೆ? ಯುದ್ಧದ ಕಂಬಗಳು ಸಮ ಅಂತರದಲ್ಲಿ, ಚೌಕಾಕಾರದಲ್ಲಿ ಇರುತ್ತವೆ; ನೀರಿನ ಹರಿವಿಗೂ ಅವಕ್ಕೂ ಸಂಬಂಧವಿಲ್ಲ. ಸಿಂಪಿಯ ಹೊಂಡಗಳು ತೋಡುಗಳ ಅಂಚಿಗೆ ಅಂಟಿಕೊಂಡ ಆಯತಗಳು. ಮೀನುಬೇಲಿಗೆ ಮಾತ್ರ ಒಂದು ದಿಕ್ಕು ಇರುತ್ತದೆ. ಅದರ ಬಾಯಿ ಸಾಮಾನ್ಯವಾಗಿ ಇಳಿತದ ನೀರಿಗೆ ಎದುರಾಗಿರುತ್ತದೆ, ಮೂಲೆ ಆಳದ ಕಡೆಗಿರುತ್ತದೆ. ತಿರುಗುಮುರುಗಾಗಿದ್ದರೆ ಅದು ಬೇರೇನೋ ಇರಬಹುದು.

ಗೂಟ ಕಾಣದಿದ್ದರೂ ಸುಳಿವುಗಳಿರುತ್ತವೆ. ಸಾಲಿನ ಬುಡದಲ್ಲಿ ನೀರು ಸುಳಿದು ಕೆಸರನ್ನು ಕೊರೆಯುತ್ತದೆ. ಇಳಿತದ ನಂತರವೂ ಆ ಗೆರೆಯಲ್ಲಿ ನೀರು ನಿಂತು ಹೊಳೆಯುತ್ತದೆ. ಗೂಟದ ತಲೆಗೆ ಕಡಲಪಾಚಿ ಹತ್ತಿ ಕಪ್ಪು ಚುಕ್ಕೆಗಳ ಸರವಾಗುತ್ತದೆ. ಒಂದೇ ಜಾಗವನ್ನು ವಿಮಾನ ಮುಂದುವರಿಯುತ್ತಾ ಎರಡು ಕಡೆಯಿಂದ ತೆಗೆದ ಜೋಡಿ ಚಿತ್ರಗಳನ್ನು ಸ್ಟೀರಿಯೊಸ್ಕೋಪ್ ಎಂಬ ಜೋಡಿ ಮಸೂರದಡಿ ಇಟ್ಟರೆ ಕೆಸರಿನ ಏರುತಗ್ಗು ಕಣ್ಣೆದುರು ಎದ್ದು ನಿಲ್ಲುತ್ತದೆ.

ಮತ್ತೊಂದು ಸುಳಿವು ಸ್ವಲ್ಪ ಜಾಣತನದ್ದು. ಬೇಲಿ ವರ್ಷಕ್ಕೆ ಕೆಲವೇ ದಿನ ಮಾತ್ರ ನೀರಿನಿಂದ ಹೊರಬರುವಷ್ಟು ತಗ್ಗಿನಲ್ಲಿದ್ದರೆ? ದಿನವೂ ನಡೆದುಹೋಗಿ ಮೀನು ತೆಗೆಯಲಾಗದ ಜಾಗದಲ್ಲಿ ಯಾರಾದರೂ ಬೇಲಿ ಕಟ್ಟುತ್ತಾರೆಯೇ? ಕಟ್ಟಿದಾಗ ನೀರು ಅಷ್ಟು ಮೇಲಿರಲಿಲ್ಲ ಎಂದೇ ಅರ್ಥ. ಆಗ್ನೇಯ ಇಂಗ್ಲೆಂಡಿನ ನೆಲ ಹಿಮಯುಗದ ನಂತರ ನಿಧಾನವಾಗಿ ಕುಸಿಯುತ್ತಿದೆ, ಸಮುದ್ರ ಏರುತ್ತಿದೆ. ಹಾಗಾಗಿ ತಗ್ಗಿನ ಬೇಲಿ ಹಳೆಯದಿರುವ ಸಂಭವ ಹೆಚ್ಚು. ಇದು ಪುರಾವೆಯಲ್ಲ, ಸುಳಿವು ಮಾತ್ರ. ಪುರಾವೆ ಬೇಕಾದರೆ ಕೆಸರಿಗೆ ಇಳಿಯಲೇಬೇಕು.

ಹತ್ತು ಸಾವಿರ ಗೂಟಗಳು

1990ರ ಆಸುಪಾಸಿನಲ್ಲಿ ಬ್ಲಾಕ್‌ವಾಟರ್‌ನ ಕಾಲಿನ್ಸ್ ಕ್ರೀಕ್ ಎಂಬಲ್ಲಿ ಕೆಲವು ಸ್ಥಳೀಯ ಆಸಕ್ತರು ಕೆಸರಿನಲ್ಲಿ ಗೂಟಗಳ ಸಾಲುಗಳನ್ನು ಗುರುತಿಸಿದರು. ವಿಶ್ವವಿದ್ಯಾಲಯದ ಪಂಡಿತರಲ್ಲ, ಹವ್ಯಾಸಿಗಳು. ವಿಮಾನದಿಂದ ನೋಡಿದಾಗ ಸಾಲುಗಳು ಒಂದಕ್ಕೊಂದು ಸೇರಿ ಕಿಲೋಮೀಟರಿಗೂ ಮಿಕ್ಕಿ ಹಬ್ಬಿದ್ದವು. ಗೂಟಗಳ ಸಂಖ್ಯೆ ಹತ್ತು ಸಾವಿರ ದಾಟುವುದೆಂದು ಅಂದಾಜಾಯಿತು. ದೋಣಿಯಲ್ಲಷ್ಟೇ ತಲುಪಬಹುದಾದ ಜಾಗ. ಇಳಿತದ ಒಂದೆರಡು ಗಂಟೆ ಮಾತ್ರ ಕೆಲಸ, ಅದೂ ಮೊಣಕಾಲು ಹೂತುಹೋಗುವ ಕೆಸರಿನಲ್ಲಿ. ಭರತ ತಿರುಗಿತೆಂದರೆ ಅಳತೆಯ ಪಟ್ಟಿ ಸುತ್ತಿಕೊಂಡು ದೋಣಿಗೆ ಓಡಬೇಕು. ಹೆಣೆದ ತಟ್ಟಿಗಳು ಕೂಡ ಕೆಸರಿನಲ್ಲಿ ಮಲಗಿದಂತೆಯೇ ಸಿಕ್ಕವು, ಕೊಂಬೆ ಕೊಂಬೆ ಎಣಿಸುವಷ್ಟು ಸ್ಪಷ್ಟವಾಗಿ.

ಹೊಸ ಕಾಲದ ಬೇಲಿ ಇರಬಹುದೆಂದು ಊಹಿಸಿದ್ದವರೂ ಇದ್ದರು. ಗೂಟಗಳ ಚೂರುಗಳನ್ನು ರೇಡಿಯೊ ಕಾರ್ಬನ್ ಪರೀಕ್ಷೆಗೆ ಕಳಿಸಲಾಯಿತು. ಜೀವಂತ ಮರ ಗಾಳಿಯಿಂದ ಇಂಗಾಲ ಹೀರುತ್ತದೆ. ಅದರಲ್ಲಿ ಕಾರ್ಬನ್-14 ಎಂಬ ವಿಕಿರಣಶೀಲ ಬಗೆಯೂ ಅತ್ಯಲ್ಪ ಪ್ರಮಾಣದಲ್ಲಿರುತ್ತದೆ. ಮರ ಕಡಿದ ದಿನದಿಂದ ಅದು ಕ್ಷಯಿಸುತ್ತಾ ಹೋಗುತ್ತದೆ. 5,730 ವರ್ಷಕ್ಕೆ ಅರ್ಧ. ಉಳಿದದ್ದನ್ನು ಅಳೆದರೆ ಕಡಿದ ಕಾಲ ಸಿಗುತ್ತದೆ. ಮೀನುಬೇಲಿಗೆ ಬಳಸುವುದು ಎಳೆಯ ಮರಗಳಾದ್ದರಿಂದ ಮರದ ವಯಸ್ಸಿಗೂ ಬೇಲಿಯ ವಯಸ್ಸಿಗೂ ಅಂತರ ಕಡಿಮೆ.

ಉತ್ತರ ಬಂತು: ಕ್ರಿಸ್ತಶಕ ಏಳನೆಯ ಶತಮಾನದಿಂದ ಹತ್ತನೆಯ ಶತಮಾನದ ನಡುವೆ! ಕೆಲವು ಗೂಟಗಳನ್ನು ಹೊಡೆಯುವಾಗ ಇಲ್ಲಿ ಬಾದಾಮಿಯಲ್ಲಿ ಚಾಲುಕ್ಯರು ಆಳುತ್ತಿದ್ದರು. ಅಳಿವೆಯ ಬಾಯಿಯ ಸೇಲ್ಸ್ ಪಾಯಿಂಟ್, ಮರ್ಸಿ ದ್ವೀಪದ ಪಕ್ಕ ಹೀಗೆ ಇನ್ನೂ ಹಲವು ಬೇಲಿಗಳು ಬೆಳಕಿಗೆ ಬಂದವು. ಅವುಗಳಲ್ಲೂ ಆಂಗ್ಲೋ-ಸ್ಯಾಕ್ಸನ್ ಕಾಲದವು ಸಿಕ್ಕವು.

ಒಬ್ಬ ರೈತ ಬಿಡುವಿನಲ್ಲಿ ಕಟ್ಟುವಂಥದ್ದಲ್ಲ ಇದು. ಸಾವಿರಾರು ಮರ ಕಡಿಯಬೇಕು, ಸಾಗಿಸಬೇಕು, ಇಳಿತದ ಅಲ್ಪ ಅವಧಿಯಲ್ಲಿ ಹೂಳಬೇಕು, ವರ್ಷವರ್ಷವೂ ದುರಸ್ತಿ ಮಾಡಬೇಕು. ಇದರ ಹಿಂದೆ ಆಳುಕಾಳು ಉಳ್ಳ ಯಾರೋ ಇರಬೇಕು. ಯಾರು? ಸೇಲ್ಸ್ ಪಾಯಿಂಟ್‌ಗೆ ಹತ್ತಿರದಲ್ಲೇ ಬ್ರಾಡ್‌ವೆಲ್ ಊರಿನ ಕಡಲಂಚಿನಲ್ಲಿ ಏಳನೆಯ ಶತಮಾನದ ಇಗರ್ಜಿಯೊಂದು ಇಂದಿಗೂ ನಿಂತಿದೆ. ಸಂತ ಸೆಡ್ ಕಟ್ಟಿಸಿದ್ದು, ರೋಮನ್ನರ ಹಾಳು ಕೋಟೆಯ ಕಲ್ಲುಗಳನ್ನೇ ಎತ್ತಿ. ಮಾಂಸ ಬಿಡಬೇಕಾದ ವ್ರತದ ದಿನಗಳು ಕ್ರೈಸ್ತ ಮಠಗಳಿಗೆ ಸಾಕಷ್ಟಿದ್ದವು, ಮೀನಿಗೆ ಅಡ್ಡಿಯಿರಲಿಲ್ಲ. ಮಠಕ್ಕೂ ಬೇಲಿಗೂ ನಂಟಿರಬಹುದೆಂದು ವಿದ್ವಾಂಸರು ಊಹಿಸುವುದು ಇದರಿಂದಲೇ. ಊಹೆ ಚೆನ್ನಾಗಿದೆ, ಆದರೆ ಗೂಟದ ಮೇಲೆ ಒಡೆಯನ ಹೆಸರು ಬರೆದಿಲ್ಲ. ಉತ್ತರ ಐರ್ಲೆಂಡಿನ ಸ್ಟ್ರ್ಯಾಂಗ್‌ಫರ್ಡ್ ಕಡಲ ಕೊಲ್ಲಿಯಲ್ಲಿಯೂ ಮರದ ಹಾಗೂ ಕಲ್ಲಿನ ಇಂಥ ಬೇಲಿಗಳಿವೆ. ಅಲ್ಲಿಯೂ ದಡದಲ್ಲಿ 1193ರಲ್ಲಿ ಸ್ಥಾಪನೆಯಾದ ಗ್ರೇ ಅಬಿ ಎಂಬ ಮಠವಿದೆ.

ಈ ಬೇಲಿಗಳ ಬಗ್ಗೆ ಹಳೆಯ ಕಾಗದಪತ್ರಗಳು ಏನೂ ಹೇಳುವುದಿಲ್ಲವೆಂದಲ್ಲ. 731ರಲ್ಲಿ ತನ್ನ ಚರಿತ್ರೆ ಮುಗಿಸಿದ ಬೀಡ್ ಎಂಬ ಸನ್ಯಾಸಿ, ದಕ್ಷಿಣ ಸ್ಯಾಕ್ಸನ್ನರಿಗೆ ಹಾವುಮೀನು ಬಿಟ್ಟರೆ ಬೇರೆ ಮೀನು ಹಿಡಿಯುವ ವಿದ್ಯೆಯೇ ಗೊತ್ತಿರಲಿಲ್ಲ, ಬಿಷಪ್ ವಿಲ್‌ಫ್ರಿಡ್ ಬಂದು ಕಲಿಸಿದ ಎಂದು ಬರೆದಿದ್ದಾನೆ. ಎಸೆಕ್ಸಿನವರು ಹೆಚ್ಚುಕಡಿಮೆ ಅದೇ ಶತಮಾನದಲ್ಲಿ ಸಾವಿರಗಟ್ಟಲೆ ಗೂಟ ಹೂಳುತ್ತಿದ್ದರೆಂದು ಕೆಸರು ಹೇಳುವಾಗ, ಸನ್ಯಾಸಿಯ ಮಾತನ್ನು ಕೊಂಚ ಉಪ್ಪುಖಾರ ಬೆರೆತದ್ದೆಂದು ತಿಳಿಯುವುದು ಲೇಸು.

1215ರ ಮ್ಯಾಗ್ನಾ ಕಾರ್ಟಾ ಎಂದರೆ ರಾಜನ ಅಧಿಕಾರಕ್ಕೆ ಕಡಿವಾಣ ಹಾಕಿದ ಸನದು ಎಂದು ವಿದ್ಯಾರ್ಥಿಗಳು ಓದಿರುತ್ತಾರೆ. ಅದರ 33ನೆಯ ಕಲಮು ಪಠ್ಯಪುಸ್ತಕಗಳಲ್ಲಿ ಬರುವುದು ಅಪರೂಪ. ಥೇಮ್ಸ್, ಮೆಡ್‌ವೇ ಹಾಗೂ ಇಂಗ್ಲೆಂಡಿನ ಎಲ್ಲೆಡೆ ಇರುವ ಮೀನುಬೇಲಿಗಳನ್ನು ಕಿತ್ತುಹಾಕಬೇಕು, ಕಡಲ ತೀರದ ಬೇಲಿಗಳನ್ನು ಬಿಟ್ಟು ಎನ್ನುತ್ತದೆ ಅದು. ನದಿಯಲ್ಲಿ ದೋಣಿ ಸಾಗಲು ಬೇಲಿಗಳು ಅಷ್ಟು ಅಡ್ಡಿಯಾಗಿದ್ದವು. ಸೋಮರ್‌ಸೆಟ್ಟಿನ ಮೈನ್‌ಹೆಡ್ ತೀರದಲ್ಲಂತೂ ಕಲ್ಲಿನ ಬೇಲಿಗಳಲ್ಲಿ ಇಪ್ಪತ್ತನೆಯ ಶತಮಾನದಲ್ಲೂ ಮೀನು ಹಿಡಿಯುತ್ತಿದ್ದರು.

ಸಿಕ್ಕ ಹೊತ್ತೇ ಕಳೆಯುವ ಹೊತ್ತು

ಸಾವಿರದ ಮುನ್ನೂರು ವರ್ಷ ಮರ ಕೊಳೆಯದೆ ಉಳಿದದ್ದು ಹೇಗೆ? ಕೆಸರಿನ ಆಳದಲ್ಲಿ ಆಮ್ಲಜನಕವಿಲ್ಲ. ಮರ ತಿನ್ನುವ ಜೀವಿಗಳು ಅಲ್ಲಿ ಬದುಕಲಾರವು. ಆದರೆ ಎಸೆಕ್ಸಿನ ತೀರ ಕೊರೆಯುತ್ತಿದೆ. ಉಪ್ಪುಜೌಗು ಕರಗುತ್ತಿದೆ, ಮೇಲಿನ ಕೆಸರಿನ ಹೊದಿಕೆ ಕೊಚ್ಚಿಹೋಗುತ್ತಿದೆ. ಗೂಟಗಳು ನಮ್ಮ ಕಣ್ಣಿಗೆ ಬೀಳುತ್ತಿರುವುದಕ್ಕೆ ಕಾರಣವೇ ಈ ಕೊರೆತ. ಒಮ್ಮೆ ತಲೆ ಹೊರಗೆ ಬಂದಿತೆಂದರೆ ಅಲೆ ಉಜ್ಜುತ್ತದೆ, ಮರಕೊರಕ ಹುಳುಗಳು ಮುತ್ತುತ್ತವೆ, ದೋಣಿಯ ಲಂಗರು ಎಳೆಯುತ್ತದೆ. ಕಂಡ ಬೇಲಿ ಕಣ್ಮರೆಯ ದಾರಿ ಹಿಡಿದಿದೆ ಎಂದೇ ಲೆಕ್ಕ. ಹತ್ತು ಸಾವಿರ ಗೂಟಗಳನ್ನು ಕಿತ್ತು ವಸ್ತು ಸಂಗ್ರಹಾಲಯದಲ್ಲಿ ಇಡಲಾದೀತೇ? ಹಾಗಾಗಿ ಚಿತ್ರವೇ ದಾಖಲೆ. ಚಿತ್ರದ ಮೇಲಿನ ಗುರುತುಗಳನ್ನು ನಕ್ಷೆಯ ಮೇಲೆ ಕೂಡಿಸಿ, ಪ್ರತಿ ಬೇಲಿಯ ಜಾಗ, ಉದ್ದ, ದಿಕ್ಕು ಬರೆದಿಡುವ ಕೆಲಸವನ್ನು ಇಂಗ್ಲೆಂಡ್ 1990ರ ದಶಕದಿಂದ ತೀರದುದ್ದಕ್ಕೂ ನಡೆಸುತ್ತಾ ಬಂದಿದೆ.

ವೇಲ್ಸ್‌ನ ಟೈವಿ ನದಿಯ ಅಳಿವೆಯಲ್ಲಿ 260 ಮೀಟರ್ ಉದ್ದದ, ಸುಮಾರು ಸಾವಿರ ವರ್ಷ ಹಳೆಯದೆಂದು ಎಣಿಸಲಾದ ಕಲ್ಲಿನ ಬೇಲಿಯೊಂದು 2009ರಲ್ಲಿ ಸುದ್ದಿಯಾಯಿತು. ಅದೀಗ ಸದಾ ನೀರಿನಡಿಯೇ ಇದೆ. ಮೇಲಿನಿಂದ ತೆಗೆದ ಚಿತ್ರಗಳಲ್ಲಿ ಕಂಡ ಆಕಾರವನ್ನು ಮುಳುಗುಗಾರರು ಕೆಳಗಿಳಿದು ನೋಡಿಬಂದರು.

ಈ ವಿದ್ಯೆ ಹಳೆಯದನ್ನು ಹುಡುಕಲು ಮಾತ್ರ ಎಂದುಕೊಳ್ಳಬೇಕಿಲ್ಲ. ಪರ್ಶಿಯನ್ ಕೊಲ್ಲಿಯ ತೀರದಲ್ಲಿ ಹದ್ರಾ ಎಂಬ ಮೀನುಬೇಲಿಗಳಿವೆ. ಕೆನಡಾದ ಬ್ರಿಟಿಷ್ ಕೊಲಂಬಿಯಾ ವಿಶ್ವವಿದ್ಯಾಲಯದ ದಲಾಲ್ ಅಲ್-ಅಬ್ದುಲ್‌ರಜಾಕ್ ಮತ್ತು ಡೇನಿಯಲ್ ಪಾಲಿ ಅವರು ಗೂಗಲ್ ಅರ್ಥ್ ಚಿತ್ರಗಳಲ್ಲಿ ಅವುಗಳನ್ನು ಒಂದೊಂದಾಗಿ ಎಣಿಸಿ 2013ರಲ್ಲಿ ಫಲಿತಾಂಶ ಪ್ರಕಟಿಸಿದರು. 2005ರಲ್ಲಿ ಕೊಲ್ಲಿಯಲ್ಲಿ ಇದ್ದ ಬೇಲಿಗಳು ಸುಮಾರು 1,900. ಅವು ಹಿಡಿದಿರಬಹುದಾದ ಮೀನು ಸುಮಾರು 31,000 ಟನ್ ಎಂದು ಅವರ ಅಂದಾಜು. ಅಲ್ಲಿನ ದೇಶಗಳು ಅಧಿಕೃತವಾಗಿ ಕೊಟ್ಟ ಲೆಕ್ಕ? 5,260 ಟನ್. ಆರರಲ್ಲಿ ಒಂದು ಪಾಲು! ಕಡಲಿನಲ್ಲಿ ಎಷ್ಟು ಮೀನು ಉಳಿದಿದೆ, ಎಷ್ಟು ಹಿಡಿಯಬಹುದು ಎಂಬ ತೀರ್ಮಾನಗಳೆಲ್ಲ ನಿಂತಿರುವುದು ಇಂಥ ಲೆಕ್ಕಗಳ ಮೇಲೆ.

ಅಳಿವೆಗಳ ಉಪಗ್ರಹ ಚಿತ್ರ ನೋಡಲು ಈಗ ವಿಮಾನವೂ ಬೇಡ, ಅನುಮತಿ ಪತ್ರವೂ ಬೇಡ. ಇಸ್ರೊ 2009ರಲ್ಲಿ ಆರಂಭಿಸಿದ ‘ಭುವನ್’ ಇದೆ. ಗೂಗಲ್ ಅರ್ಥ್‌ನಲ್ಲಿ ಒಂದೇ ಜಾಗದ ಬೇರೆ ಬೇರೆ ವರ್ಷಗಳ ಚಿತ್ರಗಳನ್ನು ಹಿಂದೆ ಮುಂದೆ ಸರಿಸಿ ನೋಡಬಹುದು. ಅಘನಾಶಿನಿಯ ಗಜನಿ ಬದುಗಳನ್ನು ಹೀಗೆ ನೋಡಲು ಕೂರುವ ವಿದ್ಯಾರ್ಥಿ ಪಕ್ಕದಲ್ಲಿ ಒಂದು ಪಂಚಾಂಗ ಇಟ್ಟುಕೊಂಡರೆ ಒಳ್ಳೆಯದು. ಚಿತ್ರದ ದಿನಾಂಕಕ್ಕೆ ತಿಥಿ ಹೊಂದಿಸಿದರೆ ಆ ದಿನ ನೀರು ದೊಡ್ಡದಾಗಿ ಏರಿಳಿಯುವ ದಿನವೋ ಅಲ್ಲವೋ ಎಂಬುದು ಮೊದಲಿಗೇ ತಿಳಿದುಬಿಡುತ್ತದೆ. ಹೊತ್ತನ್ನು ಮಾತ್ರ ಬೇರೆ ಕಡೆ ಹುಡುಕಬೇಕು.